ನಾಲ್ಕು ಹೊಲಿಗೆಯ ಲೆಕ್ಕ

ಔಷಧಿ ಅಂಗಡಿಗೆ ಗಾಯ ಮಾಡಿಕೊಂಡು ಬಂದವರು ಮೊದಲು ಗಾಯ ತೋರಿಸುವುದಿಲ್ಲ. ಮೊದಲು ದುಡ್ಡಿನ ಮಾತು. "ಅಕ್ಕಾರ, ಇದಕ್ಕ ಹೊಲಿಗಿ ಹಾಕಿಸಿದ್ರ ಎಷ್ಟಾಗ್ತೈತ್ರಿ?" ಕೈಗೆ ಸುತ್ತಿದ ಟವೆಲ್ಲು ಇನ್ನೂ ಬಿಚ್ಚಿರುವುದಿಲ್ಲ. ಬರೀ ಚರ್ಮ ಗೀರಿದೆಯೋ, ಆಳಕ್ಕೆ ಇಳಿದಿದೆಯೋ ನನಗೆ ಗೊತ್ತಿರುವುದಿಲ್ಲ. ಅವರು ಮಾತ್ರ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ದವಾಖಾನೆಗೆ ಹೋಗಬೇಕೋ ಬೇಡವೋ ಅನ್ನುವುದು ಎಷ್ಟೋ ಸಲ ನನ್ನ ಉತ್ತರದ ಮೇಲೆ ನಿಂತಿರುತ್ತದೆ.

ಜಮಖಂಡಿಯ ನಮ್ಮ ಅಂಗಡಿ ಬಸ್ ಸ್ಟ್ಯಾಂಡಿಗೆ ಹತ್ತಿರ. ಕೃಷ್ಣಾ ದಂಡೆಯ ಹಳ್ಳಿಗಳಿಂದ ಕಬ್ಬಿನವರು ಬರುತ್ತಾರೆ. ರಬಕವಿ, ಬನಹಟ್ಟಿ ಕಡೆಯಿಂದ ಮಗ್ಗದವರು ಬರುತ್ತಾರೆ. ಗೌಂಡಿ ಕೆಲಸದವರು, ವೆಲ್ಡಿಂಗ್ ಅಂಗಡಿಯ ಹುಡುಗರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರು. ಇವರ ಕೈಕಾಲಿಗೆ ಗಾಯ ಹೊಸದಲ್ಲ. ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿ ಹಾರಿ ಬಡಿಯುತ್ತದೆ, ಕುಡಗೋಲು ಜಾರುತ್ತದೆ, ತಗಡು ಕೊಯ್ಯುತ್ತದೆ, ಮೊಳೆ ಚುಚ್ಚುತ್ತದೆ. ಯಾರೂ ಇದನ್ನು ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದೊಡ್ಡ ಆಪರೇಷನ್ ಎಲ್ಲರ ಮನೆಗೂ ಬರುವುದಿಲ್ಲ, ಸಣ್ಣ ಗಾಯ ಎಲ್ಲರ ಮನೆಗೂ ಬರುತ್ತದೆ. ದುಡಿಯುವವರ ಮನೆಯ ದುಡ್ಡು ಸುಮ್ನೆ ಸೋರಿ ಹೋಗುವುದು ಇಲ್ಲೇ. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ನನಗೆ ಮನವರಿಕೆಯಾದ ವಿಷಯ ಇದು.

ಕಳೆದ ಹಂಗಾಮಿನಲ್ಲಿ ಬಂದ ಒಬ್ಬ ಹೆಣ್ಣುಮಗಳ ಕೈ ಬಗ್ಗೆ ಹೇಳುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನವಳು. ಎಡಗೈ. ಕಬ್ಬು ಕಡಿಯುವವರ ಗಾಯ ಹೆಚ್ಚಾಗಿ ಎಡಗೈಗೇ ಆಗುತ್ತದೆ, ಇಲ್ಲಾ ಎಡಗಾಲಿನ ಮೊಣಕಾಲ ಕೆಳಗೆ. ಯಾಕೆಂದರೆ ಎಡಗೈಯಲ್ಲಿ ಕಬ್ಬು ಹಿಡಿದು ಬಲಗೈಯಲ್ಲಿ ಬೀಸುತ್ತಾರೆ. ಅವಳದ್ದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಒಂದೂವರೆ ಇಂಚು ಉದ್ದ. ಸೀರೆ ಅಂಚಿನ ಚಿಂದಿ ಸುತ್ತಿದ್ದಳು. ಅದರ ಕೆಳಗೆ ಅರಿಷಿಣ ಮತ್ತು ಸುಣ್ಣ ರಕ್ತದ ಜೊತೆ ಒಣಗಿ ಹೆಕ್ಕಳೆಗಟ್ಟಿತ್ತು. ಹಿಂದಿನ ನಲ್ಲಿಯಲ್ಲಿ ನೀರು ಬಿಟ್ಟು ಸಾಬೂನು ಹಾಕಿ ತೊಳೆದೆವು. ಹೆಕ್ಕಳೆ ಬಿಟ್ಟುಕೊಳ್ಳಲು ಹೊತ್ತು ಹಿಡಿಯಿತು. ಒಳಗೆ ಕಬ್ಬಿನ ಎಲೆಯ ಸಣ್ಣ ಎಳೆಯೊಂದು ಸಿಕ್ಕಿಕೊಂಡಿತ್ತು. ಹೆಬ್ಬೆರಳು ಅಲುಗಿಸಿದಾಗೆಲ್ಲ ಗಾಯ ಬಾಯಿ ತೆರೆಯುತ್ತಿತ್ತು. ಬೆರಳು ಮಡಚಿ ಬಿಡಿಸು ಅಂದೆ, ಮಡಚಿದಳು. ಬೆರಳ ತುದಿ ಮುಟ್ಟಿ ಗೊತ್ತಾಗುತ್ತಾ ಅಂದೆ, ಗೊತ್ತಾಗುತ್ತೆ ಅಂದಳು. ಅಲ್ಲಿಗೆ ನರ, ಸ್ನಾಯುವಿನ ಹಗ್ಗ ಉಳಿದುಕೊಂಡಂತೆ ಕಂಡಿತು. ಆದರೂ ಹೊಲಿಗೆ ಬೇಕೇ ಬೇಕಿತ್ತು. ಅದು ಬರೀ ಪಟ್ಟಿಯಲ್ಲಿ ಕೂಡುವ ಗಾಯ ಆಗಿರಲಿಲ್ಲ.

"ಪೌಡರ್ ಹಾಕಿ ಕಟ್ಟಿಬಿಡ್ರಿ ಅಕ್ಕಾರ, ಸಾಕು" ಅಂದಳು. ಅವಳ ಗಂಡ ಪಕ್ಕದಲ್ಲಿ ನಿಂತಿದ್ದ. ಅವನು ಮಾತೇ ಆಡಲಿಲ್ಲ, ಬೆರಳ ಗೆಣ್ಣು ಎಣಿಸುತ್ತಿದ್ದ.

ಅವನ ಎಣಿಕೆ ಏನಿತ್ತು ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಅವರಿಗೆ ಕೂಲಿ ಟನ್ನಿನ ಲೆಕ್ಕ. ಅವನು ಕಡಿಯುತ್ತಾನೆ, ಅವಳೂ ಕಡಿಯುತ್ತಾಳೆ, ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಲಿಯುತ್ತಾಳೆ, ಹೊರೆ ಕಟ್ಟುತ್ತಾಳೆ, ಇಬ್ಬರೂ ಸೇರಿ ಟ್ರ್ಯಾಕ್ಟರಿಗೆ ಏರಿಸುತ್ತಾರೆ. ಗಂಡ ಹೆಂಡತಿ ಒಂದು ಜೋಡಿ. ಒಬ್ಬರ ಒಂದು ಕೈ ಕೆಟ್ಟರೆ ಇಬ್ಬರ ದುಡಿಮೆ ಕುಸಿಯುತ್ತದೆ. ಹಂಗಾಮಿಗೆ ಮೊದಲೇ ಮುಂಗಡ ತಗೊಂಡಾಗಿದೆ. ಕೆಲಸ ನಿಂತರೆ ಮುಂಗಡ ತೀರುವುದಿಲ್ಲ, ಮುಂದಿನ ಹಂಗಾಮಿಗೆ ಬಾಕಿ ಹೊತ್ತುಕೊಂಡು ಹೋಗಬೇಕು. ದವಾಖಾನೆಗೆ ಹೋಗಲು ಅವಳಿಗೆ ಬಸ್ ಚಾರ್ಜ್ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಅದೊಂದು ದೊಡ್ಡ ಉಪಕಾರ. ಅವನಿಗೆ ಟಿಕೆಟ್ ಬೇಕು. ಹೊಲದಿಂದ ರಸ್ತೆಯ ತನಕ ಟಂಟಂ ಆಟೋಗೆ ಕೊಡಬೇಕು. ಮಗುವನ್ನು ಯಾರ ಹತ್ತಿರ ಬಿಡುವುದು? ಇಷ್ಟೆಲ್ಲ ಆದ ಮೇಲೆ ಡಾಕ್ಟರ ಫೀಸು.

ಅವನಿಗೆ ಡಾಕ್ಟರ ಫೀಸಿನ ಭಯಕ್ಕಿಂತ "ಒಂದಿನ ಬಿಟ್ಟು ಒಂದಿನ ಡ್ರೆಸ್ಸಿಂಗಿಗೆ ಬರ್ರಿ" ಅನ್ನುವ ಮಾತಿನ ಭಯ ಜಾಸ್ತಿ ಇತ್ತು. ಕೈ ಮೇಲಿನ ಹೊಲಿಗೆ ಏಳರಿಂದ ಹತ್ತು ದಿನಕ್ಕೆ ಬಿಚ್ಚುತ್ತಾರೆ. ಗೆಣ್ಣಿನ ಮೇಲೆ ಇದ್ದರೆ ಹತ್ತರಿಂದ ಹದಿನಾಲ್ಕು. ಅಷ್ಟು ದಿನ ಕೈ ನೆನೆಯಬಾರದು, ಭಾರ ಎತ್ತಬಾರದು. ಬಿಲ್ಲಿನಲ್ಲಿ ಈ ದಿನಗಳ ಬೆಲೆ ಬರೆದಿರುವುದಿಲ್ಲ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಅಳತೆಗೆ ಇಟ್ಟುಕೊಂಡರೂ ಹತ್ತು ದಿನ ಒಬ್ಬರು ಮನೆಯಲ್ಲಿ ಕೂತರೆ 3,700. ಊರಲ್ಲಿ ಯಾವ ಡಾಕ್ಟರೂ ನಾಲ್ಕು ಹೊಲಿಗೆಗೆ ಅಷ್ಟು ಕೇಳುವುದಿಲ್ಲ.

ಅವಳನ್ನು ಸರ್ಕಾರಿ ದವಾಖಾನೆಗೆ ಕಳಿಸಿದೆ. ಹೋದರು. ಹೊಲಿಗೆ ಬಿತ್ತು. ಚೀಟಿಯ ದುಡ್ಡು ಬಿಟ್ಟರೆ ಏನೂ ತಗೊಳ್ಳಲಿಲ್ಲ. ಹಾಕಿದ ನರ್ಸಿನ ಕೈ ಎಷ್ಟು ಚೆನ್ನಾಗಿತ್ತೆಂದರೆ ಆಮೇಲೆ ಗಾಯದ ಗೆರೆ ಹುಡುಕಬೇಕಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸರ್ಕಾರಿ ಅಂದ ತಕ್ಷಣ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ದಿನಾ ಹತ್ತಾರು ಗಾಯ ಹೊಲಿಯುವ ಕೈ ಪಳಗಿರುತ್ತದೆ.

ಆದರೆ ಎಲ್ಲ ಕಡೆ ಎಲ್ಲ ದಿನ ಹೀಗೇ ಆಗುವುದಿಲ್ಲ. "ದಾರ ಇಲ್ಲ, ಹೊರಗಿಂದ ತಗೊಂಡು ಬರ್ರಿ" ಅಂತ ಚೀಟಿ ಹಿಡಿದು ನನ್ನ ಅಂಗಡಿಗೆ ಬರುವವರೂ ಇದ್ದಾರೆ. ಕೆಲವೊಮ್ಮೆ ಗ್ಲೌಸ್ ಕೂಡ. ಪುಕ್ಕಟೆ ಅಂದುಕೊಂಡು ಬಂದವರ ಮುಖ ಆಗ ನೋಡಲಾಗುವುದಿಲ್ಲ. ಜೇಬಿನಲ್ಲಿ ವಾಪಸ್ ಹೋಗುವ ಚಾರ್ಜು ಮಾತ್ರ ಇಟ್ಟುಕೊಂಡು ಬಂದಿರುತ್ತಾರೆ. ಇನ್ನೊಂದು ತೊಡಕು ಹೊತ್ತಿನದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಸಂಜೆ ನಾಲ್ಕೂವರೆ ಹೊತ್ತಿಗೆ ಚೀಟಿ ಕೊಡುವುದು ನಿಲ್ಲುತ್ತದೆ. 2022ರ ಡಿಸೆಂಬರಿನಲ್ಲಿ ಶುರುವಾದ, 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಸಣ್ಣ ದವಾಖಾನೆಗಳದ್ದೂ ಸಾಮಾನ್ಯವಾಗಿ ಬೆಳಗ್ಗೆ ಒಂಬತ್ತರಿಂದ ನಾಲ್ಕೂವರೆ. ಕಬ್ಬಿನವರು ಹೊತ್ತು ಮೂಡುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ. ಮಗ್ಗ ರಾತ್ರಿ ಪಾಳಿಯಲ್ಲೂ ಓಡುತ್ತದೆ. ಗಾಯ ಆಗುವುದು ಕತ್ತಲಲ್ಲಿ, ಕಣ್ಣು ಕೂರುವ ಹೊತ್ತಿನಲ್ಲಿ. ಅಂದರೆ ಪುಕ್ಕಟೆ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ. ಹೊಲಿಗೆ ಹಾಕುವುದಾದರೆ ಆರರಿಂದ ಎಂಟು ತಾಸಿನ ಒಳಗೆ ಹಾಕಿಸುವುದು ಒಳ್ಳೆಯದು. ತಡವಾದಷ್ಟೂ ನಂಜು ಒಳಗೇ ಸಿಕ್ಕಿಕೊಳ್ಳುವ ಭಯ ಹೆಚ್ಚು. ಬೆಳಗಾಗುವ ತನಕ ಕಾಯುವವರಿಗೆ ಆ ಎಂಟು ತಾಸು ಎಲ್ಲಿ ಸಿಗುತ್ತದೆ?

ಹೀಗಾಗಿ ರಾತ್ರಿ ಗಾಯ ಆದವರು ಖಾಸಗಿಗೆ ಹೋಗುತ್ತಾರೆ. ಅಲ್ಲಿಂದ ಬಂದ ಒಂದು ಬಿಲ್ಲನ್ನು ಬಿಚ್ಚಿ ನೋಡೋಣ. ಒಬ್ಬ ಮಗ್ಗದ ಹುಡುಗ ತಂದು ತೋರಿಸಿದ್ದು. ಹುಬ್ಬಿನ ಮೇಲೆ ಲಾಳಿ ಬಡಿದು ನಾಲ್ಕು ಹೊಲಿಗೆ. ಒಟ್ಟು 2,400 ರೂಪಾಯಿ. ಅದರಲ್ಲಿ ಕನ್ಸಲ್ಟೇಷನ್, ಎಮರ್ಜೆನ್ಸಿ ಚಾರ್ಜು, ಮೈನರ್ ಓಟಿ, ಹೊಲಿಗೆ ಹಾಕಿದ್ದು, ಸಾಮಾನು, ಡ್ರೆಸ್ಸಿಂಗ್ ಅಂತ ಬೇರೆ ಬೇರೆ ಸಾಲು. ಇದರ ಮೇಲೆ ಐದು ದಿನದ ಗುಳಿಗೆ, ಮುಲಾಮು.

ಸಾಮಾನಿನ ನಿಜವಾದ ಬೆಲೆ ನನಗೆ ಗೊತ್ತು, ನಾನು ಅದನ್ನೇ ಮಾರುವವಳು. ಮರಗಟ್ಟಿಸುವ ಲಿಗ್ನೋಕೇನ್ ಬಾಟಲಿ ಒಂದು ಹಲವು ರೋಗಿಗಳಿಗೆ ಬರುತ್ತದೆ. ಒಬ್ಬರಿಗೆ ಹಿಡಿಯುವುದು ಕೆಲವೇ ರೂಪಾಯಿಯಷ್ಟು. ಧನುರ್ವಾಯು ಇಂಜೆಕ್ಷನ್ 50 ರೂಪಾಯಿ ಒಳಗೆ. ಗಾಜ್, ಪಟ್ಟಿ, ಬೆಟಾಡಿನ್, ಸಿರಿಂಜ್ ಎಲ್ಲ ಕೂಡಿದರೂ ನೂರರ ಆಸುಪಾಸು. ಸೂಜಿ ಸಮೇತ ಬರುವ ನೈಲಾನ್ ದಾರದ ಮೇಲೆ ಮಾತ್ರ ಎಂಆರ್‌ಪಿ ದೊಡ್ಡದಾಗಿ ಮುದ್ರಿಸಿರುತ್ತಾರೆ. ಹೋಲ್‌ಸೇಲಿನಲ್ಲಿ ಅದು ಬಹಳ ಕಡಿಮೆಗೆ ಬರುತ್ತದೆ. ಸರ್ಜಿಕಲ್ ಸಾಮಾನಿನ ವ್ಯಾಪಾರದಲ್ಲಿ ಈ ಅಂತರ ಎಲ್ಲರಿಗೂ ಗೊತ್ತಿರುವುದೇ, ರೋಗಿಗೆ ಮಾತ್ರ ಗೊತ್ತಿಲ್ಲ.

ಹಾಗಂತ ಉಳಿದದ್ದೆಲ್ಲ ಲೂಟಿ ಅನ್ನುವುದು ಅನ್ಯಾಯ. ರಾತ್ರಿ ಹತ್ತಕ್ಕೆ ಬಾಗಿಲು ತೆರೆದು ಕೂತಿರುವ ಡಾಕ್ಟರಿಗೆ ಬಾಡಿಗೆ ಇದೆ, ನರ್ಸಿನ ಪಗಾರ ಇದೆ, ಕರೆಂಟು, ಜನರೇಟರು, ಸ್ಟೆರಿಲೈಸ್ ಮಾಡುವ ಖರ್ಚು, ಆಸ್ಪತ್ರೆ ಕಸದ ವಿಲೇವಾರಿ ಖರ್ಚು ಇದೆ. ಕೈಚಳಕಕ್ಕೆ ಬೆಲೆ ಬೇಡವೇ? ಹುಬ್ಬಿನ ಗೆರೆ ಒಂದು ಕೂದಲಷ್ಟು ತಪ್ಪಿದರೂ ಆ ಹುಡುಗ ಜೀವನಪೂರ್ತಿ ಕನ್ನಡಿಯಲ್ಲಿ ಅದನ್ನು ನೋಡಬೇಕು. ನನ್ನ ತಕರಾರು ಬೇರೆ. ಮೇಜಿನ ಮೇಲೆ ಮಲಗುವ ಮೊದಲು ಆ ಹುಡುಗನಿಗೆ ಯಾರೂ 2,400 ಅಂತ ಹೇಳಲಿಲ್ಲ. ರಕ್ತ ಸುರಿಯುತ್ತಿರುವವನು ಚೌಕಾಸಿ ಮಾಡಲಾರ. ಎದ್ದ ಮೇಲೆ ಬಿಲ್ಲು ಬಂತು. ಮಗ್ಗದ ಮಾಲೀಕರಿಗೆ ಫೋನು ಹಚ್ಚಿ ಕೈಗಡ ತರಿಸಿದ. ಆ ಕೈಗಡ ಅವನ ಪಗಾರದಲ್ಲಿ ವಾರವಾರ ಮುರಿಯಿತು.

ದರ ಮೊದಲೇ ತಿಳಿಸಬೇಕು ಅನ್ನುವುದು ನನ್ನ ಆಸೆ ಮಾತ್ರ ಅಲ್ಲ, ಕಾನೂನು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಕೆಪಿಎಂಇ ಅನ್ನುತ್ತಾರೆ. ಚಿಕಿತ್ಸೆಯ ದರಪಟ್ಟಿ ರೋಗಿಗಳಿಗೆ ಕಾಣುವಂತೆ ಹಾಕಬೇಕು ಅಂತ ಅದು ಹೇಳುತ್ತದೆ. 2017ರಲ್ಲಿ ಅದಕ್ಕೆ ಬಿಗಿ ತಿದ್ದುಪಡಿ ತರಲು ಸರ್ಕಾರ ಹೊರಟಾಗ ಏನಾಯಿತು ನೆನಪಿದೆಯಾ? ಆ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ರಾಜ್ಯದ ಮೂಲೆಮೂಲೆಯಿಂದ ಖಾಸಗಿ ಡಾಕ್ಟರುಗಳು ಬೆಳಗಾವಿಗೆ ಬಂದು ಧರಣಿ ಕೂತರು. ಊರೂರಲ್ಲಿ ಓಪಿಡಿ ಮುಚ್ಚಿದವು. ನಮ್ಮ ಅಂಗಡಿ ಮುಂದೆ ಚೀಟಿ ಇಲ್ಲದೆ ಔಷಧಿ ಕೇಳುವವರ ಸಾಲು ನಿಂತಿತ್ತು. ಕೊನೆಗೆ ಮಸೂದೆ ಪಾಸಾಯಿತು, ಆದರೆ ಸಡಿಲವಾಗಿ. ಎಲ್ಲ ರೋಗಿಗಳಿಗೂ ಸರ್ಕಾರವೇ ದರ ಕಟ್ಟುವ ಮಾತು ಹೋಯಿತು. ಸರ್ಕಾರಿ ಯೋಜನೆಯಲ್ಲಿ ಬರುವವರಿಗೆ ಮಾತ್ರ ಅದು ಉಳಿಯಿತು. ಆ ಗಲಾಟೆಯಲ್ಲಿ ಚರ್ಚೆ ಎಲ್ಲ ಹೃದಯದ ಆಪರೇಷನ್ನು, ಐಸಿಯು, ಹೆಣ ಕೊಡದೆ ಇಟ್ಟುಕೊಳ್ಳುವುದು ಇವುಗಳ ಸುತ್ತ ನಡೆಯಿತು. ಇವೆಲ್ಲ ಚರ್ಚೆ ಆಗಲೇಬೇಕಾದ ವಿಷಯಗಳೇ. ಹುಬ್ಬಿನ ಮೇಲಿನ ನಾಲ್ಕು ಹೊಲಿಗೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ದರಪಟ್ಟಿ ಹಾಕುವ ನಿಯಮ ಮಾತ್ರ ಈಗಲೂ ಇದೆ. ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಪ್ರತಿ ಜಿಲ್ಲೆಯಲ್ಲಿ ಇದೆ. ಅಪಘಾತವಾಗಿ ಬಂದವರಿಗೆ ಮುಂಗಡ ಕೇಳದೆ ಪ್ರಥಮ ಚಿಕಿತ್ಸೆ ಕೊಡಬೇಕು ಅಂತಲೂ ಕಾಯ್ದೆಯಲ್ಲಿ ಇದೆ. ನಮ್ಮ ಭಾಗದ ನರ್ಸಿಂಗ್ ಹೋಮುಗಳ ಗೋಡೆಯ ಮೇಲೆ ನಾನು ನೋಡಿದ ಬೋರ್ಡುಗಳಲ್ಲಿ ರೂಮಿನ ಬಾಡಿಗೆ ಇರುತ್ತದೆ, ಹೆರಿಗೆಯ ದರ ಇರುತ್ತದೆ. ಹೊಲಿಗೆಗೆ ಎಷ್ಟು, ಡ್ರೆಸ್ಸಿಂಗಿಗೆ ಎಷ್ಟು, ರಾತ್ರಿ ಬಂದರೆ ಎಷ್ಟು ಅನ್ನುವ ಮೂರು ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಮೂರು ಸಾಲಿದ್ದರೆ ಅರ್ಧ ಜನ ಹೆದರಿಕೊಂಡು ವಾಪಸ್ ಹೋಗುವುದಿಲ್ಲ. ಯಾಕೆಂದರೆ ಮನಸ್ಸಿನಲ್ಲಿ ಅಂದುಕೊಂಡ ಬಿಲ್ಲು ನಿಜವಾದ ಬಿಲ್ಲಿಗಿಂತ ಯಾವಾಗಲೂ ದೊಡ್ಡದು. 800 ರೂಪಾಯಿಗೆ ಹೊಲಿಗೆ ಹಾಕುವ ಸಣ್ಣ ಕ್ಲಿನಿಕ್ ಎರಡು ಓಣಿ ಆಚೆ ಇದ್ದರೂ "ಐದು ಸಾವಿರ ಹೇಳ್ತಾರ" ಅಂತ ಹೆದರಿ ಮನೆಗೆ ಹೋದವರನ್ನು ನೋಡಿದ್ದೇನೆ.

ಇನ್ನು ಕಾರ್ಡಿನ ವಿಷಯ. "ನಮ್ಮಲ್ಲಿ ಆಯುಷ್ಮಾನ್ ಕಾರ್ಡ್ ಐತ್ರಿ" ಅಂತ ಪರ್ಸಿನಿಂದ ತೆಗೆದು ತೋರಿಸುವವರಿಗೆ ಉತ್ತರ ಹೇಳುವುದು ನನಗೆ ಬಹಳ ಕಷ್ಟದ ಕೆಲಸ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಒಂದು ಪಾಲು. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ನಡುವೆ ನಿಂತಿದ್ದ ಅದು ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು ಇಟ್ಟರು. ಅದರಲ್ಲೂ 5 ಲಕ್ಷ. ಇವು ಎಷ್ಟೋ ಮನೆ ಉಳಿಸಿವೆ, ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಇವು ತೆರೆದುಕೊಳ್ಳುವುದು ಹೆಚ್ಚಾಗಿ ಅಡ್ಮಿಟ್ ಆದಾಗ, ಆಪರೇಷನ್ ಅಂತ ಬಂದಾಗ. ಚೀಟಿ ಮಾಡಿಸಿ, ಹೊಲಿಗೆ ಹಾಕಿಸಿ, ಅರ್ಧ ತಾಸಿನಲ್ಲಿ ಮನೆಗೆ ಹೋಗುವವರಿಗೆ ಖಾಸಗಿಯಲ್ಲಿ ಆ ಕಾರ್ಡು ಕೆಲಸಕ್ಕೆ ಬರುವುದಿಲ್ಲ. ಕಾರ್ಮಿಕರ ವಿಮೆ ಇಎಸ್‌ಐ ಇದ್ದವರು ಪುಣ್ಯವಂತರು. ಕಬ್ಬು ಕಡಿಯುವವರಿಗೆ, ಮನೆಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ನೇಯುವವರಿಗೆ ಅದೂ ಇಲ್ಲ.

ದೇಶದ ಲೆಕ್ಕ ನೋಡಿದರೆ ಸುಧಾರಣೆ ಇದೆ. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇತ್ತು. 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಅನ್ನುತ್ತವೆ ರಾಷ್ಟ್ರೀಯ ಆರೋಗ್ಯ ಲೆಕ್ಕಗಳು. ಒಳ್ಳೆಯ ಸುದ್ದಿ. ಆ ಉಳಿದ ಪಾಲಿನ ಚಿಲ್ಲರೆ ದಿನಾ ನನ್ನ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ಎಷ್ಟು ಉದ್ರಿ ಅನ್ನುವುದು ನನ್ನ ವಹಿಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಗಾಜ್, ಬ್ಯಾಂಡೇಜಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 15 ರೂಪಾಯಿಯ ಪಟ್ಟಿ ಸುರುಳಿಯ ಮೇಲೆ ಒಂದು ರೂಪಾಯಿ ಉಳಿತಾಯ. ಬೇಡ ಅನ್ನುವುದಿಲ್ಲ. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸುವವರಿಗೆ ಅದೂ ಲೆಕ್ಕಕ್ಕೆ ಬರುತ್ತದೆ.

ತಿಂಗಳುಗಟ್ಟಲೆ ಅಂದೆ. ಸಕ್ಕರೆ ಕಾಯಿಲೆಯವರನ್ನು ನೆನೆದು ಆ ಮಾತು ಬಂತು.

ನಮ್ಮ ಓಣಿಯಲ್ಲೇ ಒಬ್ಬರು ಖಾನಾವಳಿ ನಡೆಸುತ್ತಿದ್ದರು. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳ ಪಕ್ಕ ಬೊಬ್ಬೆ ಎದ್ದಿತು. ನೋವಿರಲಿಲ್ಲ. ಶುಗರ್ ಇದ್ದವರ ಪಾದದ ಸ್ಪರ್ಶ ನಿಧಾನಕ್ಕೆ ಸಾಯುತ್ತದೆ. ಬೊಬ್ಬೆ ಒಡೆದದ್ದೂ ಗೊತ್ತಾಗುವುದಿಲ್ಲ. ರಕ್ತ ಓಡಾಟ ಕಡಿಮೆ ಇರುವುದರಿಂದ ಮಾಯುವುದೂ ಇಲ್ಲ. ಅವರು ನನ್ನ ಹತ್ತಿರ ಮುಲಾಮು ಕೇಳಿದಾಗ ಡಾಕ್ಟರಿಗೆ ತೋರಿಸಿ ಅಂತ ಅಂಗಲಾಚಿದೆ. "ಇಷ್ಟ ಸಣ್ಣ ಗಾಯಕ್ಕ ಯಾಕ ಐದುನೂರ ಕೊಡೂದು ತಂಗಿ, ನಾಕ ದಿನದಾಗ ಆರ್ತೈತಿ" ಅಂದರು. ಖಾನಾವಳಿ ಬಿಟ್ಟು ಸರ್ಕಾರಿ ದವಾಖಾನೆಯ ಸಾಲಿನಲ್ಲಿ ನಿಲ್ಲಲು ಅವರಿಗೆ ಹೊತ್ತಿರಲಿಲ್ಲ. ಬೆಳಗ್ಗೆ ಒಲೆ ಹಚ್ಚದಿದ್ದರೆ ಅವತ್ತಿನ ಗಿರಾಕಿ ಹೋದಂತೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಅವರ ಲೆಕ್ಕ ಆ ದಿನದ ಮಟ್ಟಿಗೆ ಸರಿಯೇ ಇತ್ತು.

ಬೆರಳು ಕಪ್ಪಾದ ಮೇಲೆ ಜಿಲ್ಲಾ ಕೇಂದ್ರಕ್ಕೆ ಒಯ್ದರು. ಅಡ್ಮಿಟ್ ಆದರು, ಕಾರ್ಡು ನಡೆಯಿತು. ಬೆರಳು ತೆಗೆದರು, ಆಮೇಲೆ ಪಾದದ ಮುಂಭಾಗವನ್ನೂ ತೆಗೆದರು. ಆಪರೇಷನ್ನು, ಮಂಚ, ಔಷಧಿ ಯಾವುದಕ್ಕೂ ದುಡ್ಡು ಕೇಳಲಿಲ್ಲ. ಬಿಡುಗಡೆಯಾದ ಮೇಲೆ 15 ದಿನದ ಔಷಧಿಯೂ ಯೋಜನೆಯ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಪಾದದ ಗಾಯ 15 ದಿನದಲ್ಲಿ ಮಾಯಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಪಟ್ಟಿ ಬಿಚ್ಚಬೇಕು. ಒಣಗಿದ ಗಾಜ್ ಗಾಯಕ್ಕೆ ಅಂಟಿರುತ್ತದೆ. ಸಲೈನ್ ಹಾಕಿ ನೆನೆಸಿ, ಎಳೆಯದೆ, ಮೂಲೆಯಿಂದ ಮೆಲ್ಲಗೆ ಬಿಡಿಸಬೇಕು. ಅವಸರದಲ್ಲಿ ಎಳೆದರೆ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಈ ಕೆಲಸಕ್ಕೆ ಆಟೋ, ಗಾಜ್, ಸಲೈನ್, ಕಟ್ಟುವವರ ಫೀಸು ಎಲ್ಲ ಕೈಯಿಂದಲೇ. ಖಾನಾವಳಿ ಮುಚ್ಚಿತು.

5 ಲಕ್ಷ ಕೊಡಲು ತಯಾರಿರುವ ವ್ಯವಸ್ಥೆ ಮೊದಲ ವಾರದ 500 ರೂಪಾಯಿ ಕೊಟ್ಟಿದ್ದರೆ ಆ ಪಾದ ಉಳಿಯುತ್ತಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಾಲುವೆಯ ಒಡ್ಡು ತೂತಾದಾಗ ಒಂದು ಬುಟ್ಟಿ ಮಣ್ಣು ಹಾಕದೆ, ಒಡ್ಡೇ ಕೊಚ್ಚಿ ಹೋದ ಮೇಲೆ ಟಿಪ್ಪರ್ ತರಿಸಿದ ಹಾಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಬರಿಗಾಲಲ್ಲಿ ಹೊಲದಲ್ಲಿ ನಡೆಯುವವರು, ಸವೆದ ಸ್ಲಿಪ್ಪರಿನಲ್ಲಿ ಕಬ್ಬಿನ ಕೂಳೆ ತುಳಿಯುವವರು ಎಷ್ಟು ಜನ ಇರಬಹುದು ಯೋಚಿಸಿ. ಅವರ ಪಾಲಿಗೆ ಸಣ್ಣ ಗಾಯ ಅಂತ ಒಂದು ಇಲ್ಲವೇ ಇಲ್ಲ.

ನಮ್ಮ ಕಡೆ ಖರ್ಚಿಗೆ ಹೆದರಿ ಮಾಡುವ ಕೆಲವು ಕೆಲಸಗಳನ್ನು ಬಿಡಿಸಬೇಕು. ಸುಣ್ಣ ಹಚ್ಚಬೇಡಿ, ಅದು ಚರ್ಮ ಸುಡುತ್ತದೆ. ಬೀಡಿ ಬೂದಿ, ಚಹಾಪುಡಿ, ಗ್ರೀಸ್ ಬೇಡವೇ ಬೇಡ. ಡಾಕ್ಟರು ಅದನ್ನೆಲ್ಲ ಮತ್ತೆ ಉಜ್ಜಿ ತೆಗೆಯಬೇಕು, ನೋವು ನಿಮಗೇ. ಅರಳೆಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಹರಿಯುವ ನೀರು, ಮೈ ತೊಳೆಯುವ ಸಾಬೂನು, ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯುವುದು ಇಷ್ಟೇ ಮೊದಲ ಚಿಕಿತ್ಸೆ. ಇದಕ್ಕೆ ದುಡ್ಡು ಬೇಡ. ನಡುನಡುವೆ ಎತ್ತಿ ನೋಡಿದರೆ ರಕ್ತ ನಿಲ್ಲುವುದಿಲ್ಲ.

ಧನುರ್ವಾಯು ಸೂಜಿಯ ವಿಷಯದಲ್ಲೂ ಜನ ಸುಮ್ನೆ ಖರ್ಚು ಮಾಡುತ್ತಾರೆ. ಚಿಕ್ಕಂದಿನ ಡೋಸುಗಳು ಪೂರ್ತಿ ಆಗಿದ್ದರೆ, ಶುದ್ಧ ಸಣ್ಣ ಗಾಯಕ್ಕೆ ಹಿಂದಿನ ಸೂಜಿಯಿಂದ 10 ವರ್ಷ, ಮಣ್ಣು ಸಗಣಿ ತಾಗಿದ ಗಾಯಕ್ಕೆ 5 ವರ್ಷ ಆಗಿದೆಯಾ ಅಂತ ನೋಡುತ್ತಾರೆ. ಪ್ರತಿ ಗೀರಿಗೂ ಬೇಕಿಲ್ಲ. ತೊಂದರೆ ಏನೆಂದರೆ ಯಾರ ಹತ್ತಿರವೂ ದಾಖಲೆ ಇರುವುದಿಲ್ಲ. ಹೆಂಗಸರಿಗೆ ಬಸುರಿದ್ದಾಗ ಹಾಕಿದ್ದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಗಂಡಸರಿಗೆ ಹದಿನಾರರ ವಯಸ್ಸಿನಲ್ಲಿ ಶಾಲೆಯಲ್ಲಿ ಹಾಕಿದ್ದೇ ಕೊನೆ, ಅದೂ ಹಾಕಿಸಿಕೊಂಡಿದ್ದರೆ. ಹಾಕಿಸಿದ ತಾರೀಖನ್ನು ಫೋನಿನಲ್ಲಿ ಫೋಟೋ ಹೊಡೆದು ಇಟ್ಟುಕೊಳ್ಳಿ.

ನಾಯಿ ಕಡಿದ ಗಾಯ ಎಷ್ಟೇ ಸಣ್ಣದಿರಲಿ, ಅಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಸೀದಾ ಸರ್ಕಾರಿ ದವಾಖಾನೆಗೆ ಹೋಗಿ. ರೇಬೀಸ್ ಲಸಿಕೆ ಅಲ್ಲಿ ಪುಕ್ಕಟೆ. ಮೊದಲ ದಿನ ಹಾಕಿ, ಆಮೇಲೆ 3, 7 ಮತ್ತು 28ನೇ ದಿನಕ್ಕೆ ಕರೆಯುತ್ತಾರೆ. ಮೂರನೇ ಡೋಸಿಗೆ "ಆರಾಮ ಅದೀನಿ" ಅಂತ ಬಿಟ್ಟುಬಿಡುವವರಿದ್ದಾರೆ, ಬಿಡಬೇಡಿ. ರೋಗ ಬಂದ ಮೇಲೆ ಯಾವ ಊರಿನ ಯಾವ ಡಾಕ್ಟರೂ ಉಳಿಸಲಾರರು.

ಮಾಲೀಕರ ಕಡೆಯದ್ದೂ ಒಂದು ಮಾತಿದೆ. 1948ರ ಕಾರ್ಖಾನೆ ಕಾಯ್ದೆಯೇ 150 ಜನಕ್ಕೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, 500ಕ್ಕಿಂತ ಹೆಚ್ಚು ಜನ ಇದ್ದರೆ ಆಂಬ್ಯುಲೆನ್ಸ್ ಕೋಣೆ ಇರಬೇಕು ಅಂದಿತ್ತು. ಸಕ್ಕರೆ ಕಾರ್ಖಾನೆಯ ಗೇಟಿನ ಒಳಗೆ ಬೆರಳು ಸಿಕ್ಕವನಿಗೆ ಒಂದು ಕೋಣೆ ಇದೆ. ಅದೇ ಕಬ್ಬನ್ನು ಗೇಟಿನ ಹೊರಗೆ ಕಡಿದು ಕಳಿಸುವವರಿಗೆ ಒಂದು ತುಂಡು ಗಾಜ್ ಕೂಡ ಇಲ್ಲ. ಅವರು ಕಾರ್ಖಾನೆಯ ಕೆಲಸಗಾರರು ಅಲ್ಲ, ರೈತರ ಕೂಲಿಗಳೂ ಅಲ್ಲ, ಗ್ಯಾಂಗು ಕಟ್ಟಿ ಕರೆತರುವ ಮುಕಾದಮನ ಜನ. ಗಾಯ ಆದಾಗ ಯಾರ ಜನವೂ ಅಲ್ಲ. ನಮ್ಮ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಇಷ್ಟೊಂದು ಕಾರ್ಖಾನೆ ಇವೆ. ಹಂಗಾಮಿನ ನಾಲ್ಕೈದು ತಿಂಗಳು ಗ್ಯಾಂಗುಗಳು ಬಿಡಾರ ಹೂಡುವ ಜಾಗಕ್ಕೆ ಸಂಜೆ ಹೊತ್ತು ಒಬ್ಬ ನರ್ಸನ್ನು, ಒಂದು ಡ್ರೆಸ್ಸಿಂಗ್ ಟ್ರೇಯನ್ನು ಗಾಡಿಯಲ್ಲಿ ಕಳಿಸುವುದು ಯಾವ ಕಾರ್ಖಾನೆಗೂ ಭಾರವಲ್ಲ. ಆರೋಗ್ಯ ಇಲಾಖೆ ಹಂಗಾಮಿನಲ್ಲಾದರೂ ಕಬ್ಬಿನ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ರಾತ್ರಿ ಎಂಟರ ತನಕ ಹೊಲಿಗೆ, ಡ್ರೆಸ್ಸಿಂಗ್ ನಡೆಸಬೇಕು. ಡಾಕ್ಟರಿಗೆ ಕಾಯದೆ ಪಟ್ಟಿ ಬದಲಿಸಲು ಉಪಕೇಂದ್ರದ ಸಿಸ್ಟರ್ ಸಾಕು. ಹಳ್ಳಿಯಲ್ಲೇ ಡ್ರೆಸ್ಸಿಂಗ್ ಆದರೆ ಆ ಗಂಡನ ಟಿಕೆಟ್ ಉಳಿಯಿತು, ಟಂಟಂ ಉಳಿಯಿತು, ದಿನದ ದುಡಿಮೆ ಉಳಿಯಿತು.

ಅದು ಆಗುವ ತನಕ ನನ್ನ ಕೈಲಾದದ್ದು ಒಂದು ಡಬ್ಬಿ. ಈ ಸಲ ಹಂಗಾಮಿಗೆ ಮೊದಲು ಕೆಲವು ಮುಕಾದಮರಿಗೆ ಕೊಂಡ ದರಕ್ಕೇ ಕಟ್ಟಿಕೊಟ್ಟಿದ್ದೇನೆ. ಸುಮಾರು 300 ರೂಪಾಯಿ. ಒಳಗೆ ಸಾಬೂನು, ಸ್ಟೆರೈಲ್ ಗಾಜ್, ಪಟ್ಟಿ ಸುರುಳಿ, ಸಣ್ಣ ಬಾಟಲಿ ಬೆಟಾಡಿನ್, ಸಲೈನ್, ಗ್ಲೌಸ್, ಟೇಪು, ಕತ್ತರಿ. "ನಂಜಿನ ಗುಳಿಗಿ ಒಂದ್ ಪಟ್ಟಿ ಹಾಕಿಬಿಡ್ರಿ ಅಕ್ಕಾರ" ಅಂತ ಒಬ್ಬ ಮುಕಾದಮ ಹಟ ಹಿಡಿದ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ತೊಳೆಯದ ಗಾಯಕ್ಕೆ ಅದು ಕೆಲಸ ಮಾಡುವುದೂ ಇಲ್ಲ ಅಂತ ಹೇಳಿ ಸಾಬೂನನ್ನು ಮೇಲೆ ಇಟ್ಟುಕೊಟ್ಟೆ. ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಬೆರಳು ಮಡಚದಿದ್ದರೆ, ತುದಿ ಮರಗಟ್ಟಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಶುಗರ್ ಇದ್ದವರ ಕಾಲಿಗೆ ಗಾಯವಾದರೆ ತಡ ಮಾಡಬೇಡಿ ಅಂತ ಬರೆದು, ಕೆಳಗೆ 108 ಮತ್ತು ಸಂಜೆ ಐದರ ನಂತರ ಹೊಲಿಗೆ ಹಾಕುವ ಸರ್ಕಾರಿ ದವಾಖಾನೆಗಳ ಹೆಸರು ಕೊಟ್ಟಿದ್ದೇನೆ. ಈ ಹೆಸರುಗಳ ಪಟ್ಟಿ ಚಿಕ್ಕದಿದೆ. ಮುಧೋಳ, ತೇರದಾಳ, ಅಥಣಿ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಊರಲ್ಲಿ ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಅಂತ ಬರೆದು ತಿಳಿಸಿ. ಮುಂದಿನ ಡಬ್ಬಿಗಳಲ್ಲಿ ಸೇರಿಸುತ್ತೇನೆ.